ಎರಡರ ಮಗ್ಗಿಯಲ್ಲಿ ಪಾಸಾದ ಕತ್ತಿಗಳು

ಕತ್ತಿ ಪರೀಕ್ಷೆ ಮಾಡುವುದೆಂದರೆ ಏನೋ ವೀರರ ಕೆಲಸ ಎಂದುಕೊಂಡು ಈ ಕಸುಬಿಗೆ ಬರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ದಿನದ ಅರ್ಧ ಹೊತ್ತು ಎಣ್ಣೆಬಟ್ಟೆ ಹಿಡಿದು ತುಕ್ಕು ಒರೆಸುವುದು, ಇನ್ನರ್ಧ ಹೊತ್ತು ಅರ ಹಿಡಿದು ಅಂಚಿನಲ್ಲಿ ಎದ್ದ ಉಕ್ಕಿನ ಮುಳ್ಳು ತೆಗೆಯುವುದು. ಇಷ್ಟೇ. ಸಿಂಗಪುರದ ವುಡ್‌ಲ್ಯಾಂಡ್ಸ್‌ನಲ್ಲಿ ಎಂಟು ವರ್ಷ ಈ ಕೆಲಸ ಮಾಡಿದ ನಾನು ಒಂದು ಸಲವೂ ಯಾರ ಮೇಲೂ ಕತ್ತಿ ಬೀಸಲಿಲ್ಲ. ಬೀಸಬೇಕು ಎನ್ನಿಸಿದ್ದುಂಟು, ಅದು ಬೇರೆ ಮಾತು.

ನಮ್ಮಲ್ಲಿಗೆ ಬರುತ್ತಿದ್ದವು ವೈಕಿಂಗ್ ಕತ್ತಿಗಳು. ಸಾವಿರ ವರ್ಷದ ಹಿಂದೆ ಯೂರೋಪಿನ ಉತ್ತರದ ಕಡಲಾಳುಗಳು ಹಿಡಿಯುತ್ತಿದ್ದ ಕತ್ತಿಯ ಮಾದರಿಯಲ್ಲಿ ಈಗಿನವರು ಮಾಡಿದವು. ಗೋಡೆಗೆ ನೇತುಹಾಕುವ ಆಟಿಕೆಯಲ್ಲ, ಅಭ್ಯಾಸದಲ್ಲಿ ನಿಜವಾಗಿ ಬಡಿದಾಡುವಂಥವು. ಅಂಚು ಹರಿತವಿರುವುದಿಲ್ಲ, ಎರಡು ಮೂರು ಮಿಲಿಮೀಟರ್ ದಪ್ಪ, ತುದಿ ಗುಂಡಗೆ. ಆದರೆ ಉಕ್ಕು ಅಸಲಿ, ತೂಕವೂ ಅಸಲಿ. ವಾರವಿಡೀ ಕಂಪ್ಯೂಟರ್ ಮುಂದೆ ಬಗ್ಗಿ ಕೂತವರು ಶನಿವಾರ ಬಂತೆಂದರೆ ಒಂದು ಕೈಯಲ್ಲಿ ಈ ಕತ್ತಿ, ಇನ್ನೊಂದರಲ್ಲಿ ಮರದ ಗುರಾಣಿ ಹಿಡಿದು ಆ ಕಾಲದ ಯುದ್ಧಕಲೆಯನ್ನು ಕಲಿಯುತ್ತಿದ್ದರು. ಕೆಲವರು ಹಬ್ಬದಂತೆ ಉಣ್ಣೆಯ ಅಂಗಿ ಹಾಕಿ ಹಳೆಯ ಕಾಳಗಗಳನ್ನು ಆಡಿ ತೋರಿಸುತ್ತಿದ್ದರು. ಸಿಂಗಪುರದ ಸೆಕೆಯಲ್ಲಿ ಉಣ್ಣೆ! ಅವರ ಉತ್ಸಾಹಕ್ಕೆ ಕೈ ಮುಗಿಯಬೇಕು.

ಕತ್ತಿಗಳನ್ನು ಹೊರದೇಶದ ಕುಲುಮೆಯಿಂದ ತರಿಸಿ ಮಾರುತ್ತಿದ್ದವರು ನಮ್ಮ ಬಾಸ್ ಲಿಮ್. ಸಿಂಗಪುರದ ಚೈನೀಸ್, ನನಗಿಂತ ಹತ್ತು ವರ್ಷ ಚಿಕ್ಕವರು, ಮಾತು ಕಡಿಮೆ. ಪೊಲೀಸರ ಪರವಾನಗಿ, ಕಾಗದಪತ್ರ ಎಲ್ಲ ಅವರದು. ಬಂದ ಕತ್ತಿಯನ್ನು ನೋಡಿ, ಹಿಡಿ ಬಿಗಿಮಾಡಿ, ಸರಿಯಿದೆ ಎಂದು ಚೀಟಿ ಕಟ್ಟುವುದು ನನ್ನದು. ಚೀಟಿಯಲ್ಲಿ ನನ್ನ ಸಹಿ ಇಲ್ಲದೆ ಒಂದು ಕತ್ತಿಯೂ ಅಂಗಡಿಯಿಂದ ಹೊರಗೆ ಹೋಗುತ್ತಿರಲಿಲ್ಲ. ನನ್ನ ಹೆಸರು ಗಂಗಾಧರ. ಲಿಮ್ ಅವರ ನಾಲಿಗೆ ಅಷ್ಟುದ್ದ ಹೊರಳದೆ 'ಗಂಗಾ' ಎಂದು ಕರೆಯುತ್ತಿದ್ದರು. ಅರವತ್ತರ ಗಂಡಸು ಗಂಗೆಯಾಗಿಬಿಟ್ಟೆ.

ಮೊದಲ ವರ್ಷವೇ ಒಂದು ದೊಡ್ಡ ಪೆದ್ದುತನ ಮಾಡಿದೆ. ಮೊದಲ ಪೆಟ್ಟಿಗೆ ಬಿಚ್ಚಿದಾಗ ಎಲ್ಲ ಕತ್ತಿಗಳ ಹಿಡಿಯೂ ಗಿಡ್ಡ. ನನ್ನ ನಾಲ್ಕು ಬೆರಳು ಹಿಡಿಯುವಷ್ಟೂ ಜಾಗವಿಲ್ಲ. ಮಕ್ಕಳ ಅಳತೆಗೆ ಮಾಡಿ ಕಳಿಸಿದ್ದಾರೆ ಎಂದು ತೀರ್ಮಾನಿಸಿ, ಲಿಮ್ ಅವರನ್ನು ಒಂದು ಮಾತೂ ಕೇಳದೆ, ಕುಲುಮೆಯವರಿಗೆ ಜೋರಾಗಿ ಒಂದು ಇಮೇಲ್ ಬರೆದೆ. ಅವರು ಸಿಟ್ಟಾಗಲಿಲ್ಲ. ಒಂದು ಕೈಯ ಚಿತ್ರ ಬರೆದು ಕಳಿಸಿದರು. ಈ ಕತ್ತಿಯನ್ನು ಸುತ್ತಿಗೆಯ ಹಾಗೆ ಮುಷ್ಟಿಯಲ್ಲಿ ಹಿಡಿಯಬಾರದು; ಹಸ್ತಲಾಘವ ಕೊಡುವಾಗಿನ ಹಾಗೆ ಓರೆಯಾಗಿ ಹಿಡಿಯಬೇಕು, ಹಿಡಿಯ ತುದಿಯ ಗುಬುಟು ಅಂಗೈಯ ಬುಡಕ್ಕೆ ಒರಗಬೇಕು. ಹಾಗೆ ಹಿಡಿದು ನೋಡಿದೆ. ಕತ್ತಿ ಕೈಯಲ್ಲಿ ಹಗುರವಾಯಿತು. ಕ್ಷಮೆ ಕೇಳಿ ಇನ್ನೊಂದು ಇಮೇಲ್ ಬರೆಯುವಷ್ಟರಲ್ಲಿ ನನ್ನ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ವಸ್ತು ತಪ್ಪು ಎನ್ನುವ ಮೊದಲು ಹಿಡಿದ ಕೈ ಸರಿಯಿದೆಯೇ ನೋಡಿಕೊಳ್ಳಿ.

ಅಲ್ಲಿನ ಹವೆಯೂ ಒಂದು ಶತ್ರು. ಬರಿಗೈಯಲ್ಲಿ ಅಲಗು ಮುಟ್ಟಿ ಊಟಕ್ಕೆ ಹೋಗಿ ಬಂದರೆ ಐದು ಬೆರಳ ಗುರುತೂ ಕೆಂಪಗೆ ಮೂಡಿರುತ್ತಿತ್ತು. ಹಿಡಿಗೆ ಸುತ್ತಿದ ಚರ್ಮಕ್ಕೆ ಬೂಷ್ಟು. ಲಿಮ್ ಅವರಿಗೆ ಏರ್‌ಕಂಡಿಷನ್ ಹಾಕಿಸಿ ಎಂದು ಎರಡು ವರ್ಷ ಬೇಡಿದೆ. ಹಾಕಿಸಿದರು, ಕತ್ತಿಗಳ ಕೋಣೆಗೆ. ನನ್ನ ಬೆಂಚು ಹೊರಗೇ ಉಳಿಯಿತು.

ಇನ್ನು ನನ್ನ ವಿದ್ಯೆಯ ವಿಷಯ. ನಾನು ಬೆಂಗಳೂರಿನ ಒಂದು ಕಾರ್ಖಾನೆಯ ಕಮ್ಮಾರಸಾಲೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದವನು. ದಿನವಿಡೀ ದೊಡ್ಡ ಸುತ್ತಿಗೆಗಳ ಸದ್ದು. ಕಿವಿಗೆ ಹತ್ತಿ ತುರುಕಿಕೊಂಡರೆ ಅದೇ ಭಾಗ್ಯ. ಅಲ್ಲಿನ ಹಳೆಯ ಮೇಸ್ತ್ರಿಯೊಬ್ಬರು ಉಕ್ಕಿನ ಬಿರುಕು ಹಿಡಿಯುವುದನ್ನು ಕಲಿಸಿದರು. ತುಂಡನ್ನು ದಾರದಲ್ಲಿ ತೂಗುಹಾಕಿ ಮರದ ಕೊಡತಿಯಿಂದ ಮೆಲ್ಲಗೆ ಬಡಿಯಬೇಕು. ಗಟ್ಟಿಯಿದ್ದರೆ ಗಂಟೆಯಂತೆ ಬಹಳ ಹೊತ್ತು ನುಡಿಯುತ್ತದೆ, ಒಳಗೆ ಬಿರುಕಿದ್ದರೆ ಬೇಗ ಸಾಯುತ್ತದೆ. ಎಷ್ಟು ಹೊತ್ತು ಎಂದು ಅಳೆಯಲು ಮೇಸ್ತ್ರಿ ಗಡಿಯಾರ ನೋಡುತ್ತಿರಲಿಲ್ಲ. ಎರಡರ ಮಗ್ಗಿ ಹೇಳುತ್ತಿದ್ದರು. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು. ಇಪ್ಪತ್ತು ಮುಟ್ಟುವವರೆಗೂ ದನಿ ಇದ್ದರೆ ಪಾಸು, ನಡುವೆ ನಿಂತರೆ ಗುಜರಿಗೆ.

ಅದೇ ವಿದ್ಯೆಯನ್ನು ಕತ್ತಿಗೆ ಹಚ್ಚಿದೆ. ಚೆನ್ನಾಗಿಯೇ ನಡೆಯಿತು. ಕತ್ತಿಯ ಅಲಗು ಹಿಡಿಯೊಳಗೆ ಹೋಗುವ ಜಾಗವೇ ಅದರ ಪ್ರಾಣ. ಬಿರುಕು ಹುಟ್ಟುವುದು ಅಲ್ಲೇ, ಅದೂ ಕೈಗೆ ಪೆಟ್ಟು ಬೀಳದಂತೆ ಹಿಡಿಯ ಮೇಲಿರುವ ಅಡ್ಡಪಟ್ಟಿಯ ಮರೆಯಲ್ಲಿ, ಕಣ್ಣಿಗೆ ಕಾಣದಂತೆ. ಕಿವಿಗೆ ಮಾತ್ರ ಸಿಗುತ್ತದೆ. ಮೊದಲ ನಾಲ್ಕು ವರ್ಷದಲ್ಲಿ ಹಾಗೆ ಏಳು ಕತ್ತಿ ಹಿಡಿದೆ. ಬಿಚ್ಚಿ ನೋಡಿದರೆ ಏಳರಲ್ಲೂ ಬಿರುಕಿತ್ತು. ಲಿಮ್ ಆಮೇಲೆ ನನ್ನ ಕೆಲಸವನ್ನು ತಿರುಗಿ ನೋಡಲಿಲ್ಲ.

ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ ಕತ್ತಿಯ ಮುಂದೆ ನಿಂತ ಮುದುಕನನ್ನು ನೋಡಿ ಗಿರಾಕಿಗಳು ಬೇರೆಯೇ ಅರ್ಥ ಮಾಡಿಕೊಂಡರು. ಇಂಡಿಯನ್ ಅಂಕಲ್ ಪ್ರತಿ ಕತ್ತಿಗೂ ಮಂತ್ರ ಹಾಕಿ ಕೊಡುತ್ತಾರೆ ಎಂದು ಸುದ್ದಿಯಾಯಿತು. ಮಂತ್ರ ಹಾಕಿದ್ದೇ ಬೇಕು ಎಂದು ಕೇಳಿ ಕೊಂಡವರಿದ್ದಾರೆ. ಅಲ್ಲಪ್ಪಾ, ಇದು ಒಂದನೇ ಕ್ಲಾಸಿನ ಮಗ್ಗಿ ಎಂದು ಹೇಳಿದರೆ ಮುಗಿಯುತ್ತಿತ್ತು. ಹೇಳಲಿಲ್ಲ. ನನ್ನನ್ನು ಯಾರೋ ಏನೋ ಎಂದುಕೊಂಡಿದ್ದಾರೆ ಎಂಬುದೇ ಹಿತವಾಗಿತ್ತು. ಅದಕ್ಕೆ ಕಾರಣವೂ ಇತ್ತು.

ಕಾರಣ ಒಂಟಿತನ. ಅದನ್ನು ಸುತ್ತಿಬಳಸಿ ಹೇಳುವುದು ನನಗೆ ಬರುವುದಿಲ್ಲ. ಮದುವೆಯಾಗಲಿಲ್ಲ. ಬಾಡಿಗೆಗಿದ್ದದ್ದು ಒಂದು ಹಿರಿಯ ಚೈನೀಸ್ ದಂಪತಿಯ ಮನೆಯ ಒಂದು ಕೋಣೆಯಲ್ಲಿ; ಅವರಿಗೆ ಇಂಗ್ಲಿಷ್ ಬಾರದು, ನನಗೆ ಅವರ ಭಾಷೆ ಬಾರದು. ಎಂಟು ವರ್ಷ ಕೈಸನ್ನೆಯಲ್ಲೇ ಕಳೆಯಿತು. ಒಂದು ಸಲ ಕನ್ನಡದವರ ಸಮಾರಂಭಕ್ಕೆ ಹೋಗಿದ್ದೆ. ಎಲ್ಲರೂ ಕೇಳಿದ್ದು ಎರಡೇ ಪ್ರಶ್ನೆ, ಯಾವ ಕಂಪನಿ, ಯಾವ ಕಾಂಡೋ ಅಪಾರ್ಟ್‌ಮೆಂಟು. ಕತ್ತಿ ಒರೆಸುತ್ತೇನೆ, ಕೋಣೆಯಲ್ಲಿದ್ದೇನೆ ಎಂದಮೇಲೆ ಮಾತು ಮುಂದುವರಿಯಲಿಲ್ಲ. ಕೇಸರಿಬಾತ್ ತಿಂದು ಬಸ್ ಹತ್ತಿದೆ. ಭಾನುವಾರ ಅಗ್ಗದ ಊಟದಂಗಡಿಗಳ ಹಾಕರ್ ಸೆಂಟರಿನಲ್ಲಿ ಕೂತು, ಗಡಿಯಾಚೆ ಮಲೇಷ್ಯದ ಜೊಹೋರ್ ಕಡೆ ಹೋಗುವ ಬಸ್ಸುಗಳನ್ನು ಎಣಿಸುತ್ತ ಮನಸ್ಸಿನಲ್ಲೇ ಕನ್ನಡದಲ್ಲಿ ಮಾತಾಡಿಕೊಳ್ಳುತ್ತಿದ್ದೆ. ಎಷ್ಟೋ ವಾರ ನನ್ನ ಬಾಯಿಂದ ಹೊರಟ ಕನ್ನಡವೆಂದರೆ ಆ ಮಗ್ಗಿಯೊಂದೇ.

ಹಾಗಿರುವಾಗ ಚೈತ್ರಾ ಬಂದಳು. ಮೈಸೂರಿನವಳು, ಮೂವತ್ತರ ಆಸುಪಾಸು, ಬ್ಯೂನಾ ವಿಸ್ಟಾದಲ್ಲಿ ಸಾಫ್ಟ್‌ವೇರ್ ಕೆಲಸ. ಅವಳ ಕತ್ತಿಯ ಹಿಡಿ ಸಡಿಲವಾಗಿತ್ತು. ಬಿಗಿಮಾಡುವಾಗ ಸುತ್ತಿಗೆ ಜಾರಿ ಹೆಬ್ಬೆರಳಿಗೆ ಬಿತ್ತು, ನನ್ನ ಬಾಯಿಂದ "ಥತ್, ಇದರ ಮನೆ ಹಾಳಾಗ" ಎಂದು ಬಂತು. ಆ ಹುಡುಗಿ ಗುರಾಣಿಯ ಹಿಂದೆ ಮುಖ ಮುಚ್ಚಿಕೊಂಡು ನಕ್ಕಳು. ಅಯ್ಯೋ, ಅಂಕಲ್ ಕನ್ನಡದವ್ರಾ ಎಂದಳು. ಅಂದು ಹಿಡಿ ಬಿಗಿಮಾಡಲು ಹತ್ತು ನಿಮಿಷ ಸಾಕಿತ್ತು. ನಾನು ಒಂದೂವರೆ ಗಂಟೆ ತೆಗೆದುಕೊಂಡೆ.

ಆಮೇಲೆ ಎರಡು ಮೂರು ವಾರಕ್ಕೊಮ್ಮೆ ಬರುತ್ತಿದ್ದಳು, ಕೆಲಸವಿರಲಿ ಬಿಡಲಿ. ಒಂದು ಸಲ ಅಂಚಿಗೆ ಅರ ಹಾಕುವುದನ್ನು ಹೇಳಿಕೊಟ್ಟೆ. ಒಂದು ಸಲ ಡಬ್ಬಿಯಲ್ಲಿ ಬಿಸಿಬೇಳೆಬಾತ್ ತಂದಳು. ಖಾರ ಕಡಿಮೆ ಎಂದು ಕೊಂಕು ತೆಗೆದು ಡಬ್ಬಿ ಬಳಿದು ತಿಂದೆ. ಅವಳ ಕತ್ತಿ ಅಭ್ಯಾಸದ ತಂಡದಲ್ಲಿ ವಿನ್ಸೆಂಟ್ ಎಂಬ ಶಾಲೆಯ ಮೇಷ್ಟ್ರೊಬ್ಬ ಅವಳ ಜೊತೆಗಾರ, ಅವನ ಹೊಡೆತ ತಡೆಯುವುದು ಹೇಗೆ ಎಂದು ನನ್ನ ಬೆಂಚಿನ ಮುಂದೆಯೇ ಕುಣಿದು ತೋರಿಸುತ್ತಿದ್ದಳು. ಅವಳು ಬರುವ ಶನಿವಾರ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗುತ್ತಿದ್ದೆ. ಮಗಳಿದ್ದಿದ್ದರೆ ಹೀಗಿರುತ್ತಿತ್ತೇನೋ ಎಂದು ಅನ್ನಿಸಿದ್ದು ನಿಜ. ಅವಳಿಗೆ ಹೇಳಲಿಲ್ಲ.

ಅವಳ ಮಾತಿನಲ್ಲಿ ಅರ್ಧ ನನಗೆ ಕೇಳಿಸುತ್ತಿರಲಿಲ್ಲ ಎಂಬುದನ್ನೂ ಹೇಳಲಿಲ್ಲ.

ಕಮ್ಮಾರಸಾಲೆ ಕೊಟ್ಟ ಪಿಂಚಣಿ ಅದು. ಕಿವುಡು ಒಮ್ಮೆಗೇ ಬರುವುದಿಲ್ಲ, ಸಣ್ಣ ದನಿಗಳನ್ನು ಮೊದಲು ತಿನ್ನುತ್ತದೆ. ಒಂದು ದಿನ ಎಂಆರ್‌ಟಿ ರೈಲಿನ ಬಾಗಿಲು ನನ್ನ ಚೀಲವನ್ನು ಕಚ್ಚಿಕೊಂಡಿತು. ಮುಚ್ಚುವ ಮುಂಚೆ ಬೀಪ್ ಬೀಪ್ ಎನ್ನುತ್ತದಲ್ಲ, ಅದು ನನಗೆ ಕೇಳಿಸಿರಲಿಲ್ಲ. ಎಷ್ಟು ದಿನದಿಂದ ಕೇಳಿಸುತ್ತಿರಲಿಲ್ಲವೋ. ಗಂಡಸರ ದಪ್ಪ ಮಾತು ಪರವಾಗಿರಲಿಲ್ಲ. ಚೈತ್ರಾಳದು ತೆಳ್ಳಗಿನ ದನಿ, ಅದೂ ಪಟಪಟ. ಅವಳು ನಕ್ಕರೆ ನಾನೂ ನಗುತ್ತಿದ್ದೆ, ಮುಖ ಸಪ್ಪಗಾದರೆ ಅಯ್ಯೋ ಎನ್ನುತ್ತಿದ್ದೆ, ಏನೂ ತಿಳಿಯದಿದ್ದರೆ 'ಒಳ್ಳೇದಾಯ್ತು ಬಿಡಮ್ಮ' ಎನ್ನುತ್ತಿದ್ದೆ. ಮತ್ತೆ ಮತ್ತೆ ಏನು ಏನು ಎಂದು ಕೇಳಿದರೆ ಬೇಸರಪಟ್ಟು ಬರುವುದನ್ನೇ ಬಿಟ್ಟಾಳು ಎಂಬ ಭಯ.

ಕತ್ತಿಯ ವಿಷಯದಲ್ಲಿ ಮಾಡಿದ್ದು ಅದಕ್ಕಿಂತ ಕೆಟ್ಟದ್ದು. ಬಡಿದಾಗ ಮೊದಲ ಟಣ್ ಕೇಳಿಸುತ್ತಿತ್ತು. ಅದರ ಹಿಂದೆ ಎಳೆದುಕೊಂಡು ಹೋಗುವ ಸಣ್ಣ ದನಿಯೇ ಪರೀಕ್ಷೆ, ಅದು ನನ್ನನ್ನು ಬಿಟ್ಟುಹೋಗಿತ್ತು. ಆದರೆ ಬಾಯಿಗೆ ಮೂವತ್ತು ವರ್ಷದ ಅಭ್ಯಾಸ. ಬಡಿದ ಕೂಡಲೇ ಮಗ್ಗಿ ತಾನಾಗಿಯೇ ಓಡಿ ಇಪ್ಪತ್ತು ಮುಟ್ಟುತ್ತಿತ್ತು, ಕೈ ಚೀಟಿ ಕಟ್ಟುತ್ತಿತ್ತು. ಕತ್ತಿ ಎಲ್ಲಿಯವರೆಗೆ ನುಡಿಯಿತು ಎಂದು ನೋಡುವ ಬದಲು ಮಗ್ಗಿ ಎಲ್ಲಿಯವರೆಗೆ ಹೋಯಿತು ಎಂದು ನೋಡುತ್ತಿದ್ದೆ. ಸುಳ್ಳು ಹೇಳುತ್ತಿದ್ದೇನೆ ಎಂಬುದು ನನಗೇ ಪೂರ್ತಿ ಗೊತ್ತಿರಲಿಲ್ಲ ಎಂದರೆ ನೀವು ನಂಬಬೇಕು. ಅರ್ಧ ಗೊತ್ತಿತ್ತು.

ಹೊರಬರಲು ದಾರಿಯಿತ್ತು. ಲಿಮ್ ಆ ವರ್ಷ ಬಿರುಕು ಪತ್ತೆಮಾಡುವ ಬಣ್ಣದ ಡಬ್ಬಿಗಳನ್ನು ತಂದಿಟ್ಟಿದ್ದರು. ಹಿಡಿ ಬಿಚ್ಚಿ, ಕೆಂಪು ದ್ರವ ಹಚ್ಚಿ, ಒರೆಸಿ, ಮೇಲೆ ಬಿಳಿಪುಡಿ ಸಿಂಪಡಿಸಿದರೆ ಬಿರುಕಿದ್ದಲ್ಲಿ ಕೆಂಪು ಗೆರೆ ಮೂಡುತ್ತದೆ. ಕಣ್ಣಿದ್ದರೆ ಸಾಕು, ಕಿವಿ ಬೇಡ. ನಾನು ಆ ಡಬ್ಬಿಗಳನ್ನು ನೋಡಿ, ಕಿವಿಯಿಲ್ಲದವರಿಗೆ ಇವೆಲ್ಲ, ನನಗೇಕೆ ಎಂದು ಕಪಾಟಿನ ಮೇಲಿಟ್ಟೆ. ಹಾಗೆ ಹೇಳಿದ ನಾಲಿಗೆಗೆ ಈಗಲೂ ಸೂಜಿ ಚುಚ್ಚಬೇಕು ಎನ್ನಿಸುತ್ತದೆ.

ಒಂದು ಶನಿವಾರ ಚೈತ್ರಾ ಮತ್ತೆ ಹಿಡಿ ಸಡಿಲವಾಗಿದೆ ಎಂದು ಕತ್ತಿ ತಂದಳು. ಒಂದೂವರೆ ವರ್ಷ ಬಡಿದಾಡಿದ ಕತ್ತಿ. ಬಿಗಿಮಾಡಿದೆ, ತೂಗುಹಾಕಿ ಬಡಿದೆ, ಮಗ್ಗಿ ಇಪ್ಪತ್ತು ಮುಟ್ಟಿತು, ಸಹಿ ಹಾಕಿದೆ. ಅವಳು ಏನೇನೋ ಹೇಳುತ್ತಿದ್ದಳು, ನಾನು ನಗುತ್ತಿದ್ದೆ.

ಎಂಟು ದಿನದ ಮೇಲೆ, ಭಾನುವಾರ ಮಧ್ಯಾಹ್ನ, ಅವಳಿಂದ ಫೋನ್ ಬಂತು. ಒಂದು ಮಾತೂ ತಿಳಿಯಲಿಲ್ಲ, ಅಳುತ್ತಿದ್ದಾಳೆ ಎಂಬುದು ಮಾತ್ರ ಗೊತ್ತಾಯಿತು. ಆಮೇಲೆ ವಾಟ್ಸಾಪಿನಲ್ಲಿ ಬರೆದಳು. ಅಭ್ಯಾಸದಲ್ಲಿ ಕತ್ತಿ ಬುಡದಲ್ಲೇ ಮುರಿದು, ಅಲಗು ಹಾರಿ ವಿನ್ಸೆಂಟನ ಕೆನ್ನೆಗೆ ಬಡಿದಿದೆ. ಕಣ್ಣಿನ ಕೆಳಗೆ ಹೊಲಿಗೆ ಹಾಕಿದ್ದಾರೆ. ಒಂದು ಬೆರಳು ಮೇಲಾಗಿದ್ದರೆ ಕಣ್ಣೇ ಹೋಗುತ್ತಿತ್ತು. ಜೊತೆಗೆ ಮುರಿದ ಜಾಗದ ಫೋಟೋ ಕಳಿಸಿದ್ದಳು.

ಫೋಟೋ ದೊಡ್ಡದು ಮಾಡಿ ನೋಡಿದೆ. ಈಗತಾನೆ ಮುರಿದ ಉಕ್ಕು ಬೂದಿಬಣ್ಣಕ್ಕೆ ಹೊಳೆಯುತ್ತದೆ. ಇದರಲ್ಲಿ ಹೊಳೆಯುತ್ತಿದ್ದದ್ದು ಮೂರನೇ ಒಂದು ಪಾಲು. ಉಳಿದ ಎರಡು ಪಾಲು ಕಪ್ಪಗೆ, ತುಕ್ಕು ಹಿಡಿದಿತ್ತು. ಎಂದರೆ ಬಿರುಕು ಬಿಟ್ಟು ತಿಂಗಳುಗಳಾಗಿತ್ತು. ನನ್ನ ಬೆಂಚಿನ ಮೇಲೆ ತೂಗಾಡುತ್ತ ಅದು ನುಡಿಯದೆ ನಿಂತಾಗಲೂ ಬಿರುಕಿತ್ತು.

ಸೋಮವಾರ ಲಿಮ್ ಫೋಟೋ ನೋಡಿದರು. ಅವರಿಗೆ ಆ ಬಣ್ಣದ ಭಾಷೆ ಗೊತ್ತಿರಲಿಲ್ಲ. ಯಾರೋ ತೀರಾ ಜೋರಾಗಿ ಹೊಡೆದಿದ್ದಾರೆ, ಬಳಸುವವರ ತಪ್ಪು ಎಂದರು. ನಾನು ತಲೆಯಾಡಿಸಿದೆ. ಮಂಗಳವಾರವೂ ಸುಮ್ಮನಿದ್ದೆ. ಅದನ್ನು ಓದಬಲ್ಲವನು ಆ ಊರಿನಲ್ಲಿ ನಾನೊಬ್ಬನೇ, ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು.

ಬುಧವಾರ ಸಂಜೆ ಚೈತ್ರಾ ಎರಡು ತುಂಡನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು ಬಂದಳು. ನನ್ನ ಎದುರಿಗೆ ಕೂತು ಅವಳು ನನ್ನ ಹತ್ತಿರವೇ ಕ್ಷಮೆ ಕೇಳಿದಳು.

"ನನ್ನದೇ ತಪ್ಪು ಅಂಕಲ್. ಆ್ಯಂಗಲ್ ತಪ್ಪಾಗಿ ಬ್ಲಾಕ್ ಮಾಡ್ದೆ ಅನ್ಸತ್ತೆ. ನೀವು ಅಷ್ಟು ಚೆಕ್ ಮಾಡಿ ಕೊಟ್ಟಿದ್ದನ್ನ ಹಾಳು ಮಾಡ್ಬಿಟ್ಟೆ. ವಿನ್ಸೆಂಟ್ ಮುಖ ನೋಡಕ್ಕಾಗ್ತಿಲ್ಲ. ಇನ್ನು ಕತ್ತಿ ಮುಟ್ಟಲ್ಲ ನಾನು."

ತುಟಿ ನೋಡಿಕೊಂಡಿದ್ದೆನಾದ್ದರಿಂದ ಪ್ರತಿ ಮಾತೂ ತಿಳಿಯಿತು. ತಿಳಿಯದಿದ್ದರೆ ಚೆನ್ನಾಗಿತ್ತು. ಮುರಿದ ತುಂಡನ್ನು ಬೆಳಕಿಗೆ ಹಿಡಿದು ಕಪ್ಪು ಯಾವುದು, ಹೊಳಪು ಯಾವುದು ಎಂದು ಅವಳಿಗೆ ತೋರಿಸಿದೆ. "ತಪ್ಪು ನಿಂದಲ್ಲಮ್ಮ, ನಂದು. ನಂಗೆ ಕಿವಿ ಕೇಳ್ಸಲ್ಲ. ಎರಡು ವರ್ಷ ಆಯ್ತು" ಎಂದೆ. ಇಷ್ಟು ಹೇಳಲು ಎರಡು ವರ್ಷ ಬೇಕಾಯಿತು ನೋಡಿ.

ನನ್ನ ಕಿವಿ ಸ್ವಲ್ಪ ಮಂದ ಎಂದು ಅವಳಿಗೆ ಅನ್ನಿಸಿತ್ತಂತೆ. ಅದಕ್ಕೇ ಎಷ್ಟೋ ಮಾತನ್ನು ಎರಡೆರಡು ಸಲ ಹೇಳುತ್ತಿದ್ದಳಂತೆ. ಹಿರಿಯರಿಗೆ ಕಿವಿ ತೋರಿಸಿಕೊಳ್ಳಿ ಎಂದು ಹೇಳುವುದು ಹೇಗೆ ಎಂಬ ದಾಕ್ಷಿಣ್ಯ. ಕತ್ತಿಯನ್ನು ಕಿವಿಯಿಂದ ನೋಡುತ್ತೇನೆ ಎಂಬುದು ಮಾತ್ರ ಅವಳಿಗೂ ಗೊತ್ತಿರಲಿಲ್ಲ. "ನೀವು ಮಂತ್ರ ಹೇಳ್ತೀರ ಅನ್ಕೊಂಡಿದ್ದೆ" ಎಂದಳು. ಎರಡರ ಮಗ್ಗಿ ಎಂದೆ. ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಇಷ್ಟು ದಿನ ನಾನು ದಾಕ್ಷಿಣ್ಯಕ್ಕೆ ನಕ್ಕೆ, ಅವಳು ದಾಕ್ಷಿಣ್ಯಕ್ಕೆ ಸುಮ್ಮನಿದ್ದಳು, ಕೆನ್ನೆ ಹರಿದುಕೊಂಡವನು ಪಾಪ ನಮ್ಮಿಬ್ಬರ ಭಾಷೆಯೂ ಬಾರದ ವಿನ್ಸೆಂಟ್.

ಅದೇ ಸಂಜೆ ಲಿಮ್ ಅವರಿಗೆ ಹೇಳಿದೆ. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎಷ್ಟು ಕತ್ತಿ ಎಂದಷ್ಟೇ ಕೇಳಿದರು. ಎರಡು ವರ್ಷದಲ್ಲಿ ನಾನು ಸಹಿ ಹಾಕಿದ ಕತ್ತಿಗಳನ್ನೆಲ್ಲ ವಾಪಸು ತರಿಸಿದರು. ವಿನ್ಸೆಂಟನ ಮನೆಗೆ ಇಬ್ಬರೂ ಹೋದೆವು. ಕೆನ್ನೆಗೆ ಪಟ್ಟಿ ಹಾಕಿಕೊಂಡವನೇ ಚಹಾ ಮಾಡಿ ಕೊಟ್ಟ. ಬೈದಿದ್ದರೆ ಒಳ್ಳೆಯದಿತ್ತು.

ಮುಂದಿನ ಶನಿವಾರ ಎಲ್ಲ ಕತ್ತಿಗಳ ಮರುಪರೀಕ್ಷೆ. ಬಣ್ಣದ ಡಬ್ಬಿಗಳನ್ನು ಕಪಾಟಿನಿಂದ ಇಳಿಸಿದೆ. ಆದರೆ ಒಂದೊಂದರ ಹಿಡಿಯನ್ನೂ ಬಿಚ್ಚಲು ವಾರಗಟ್ಟಲೆ ಬೇಕು. ಮೊದಲು ಬಿಚ್ಚಬೇಕಾದ್ದು ಯಾವುದು ಎಂದು ಆರಿಸಲು ಕಿವಿ ಬೇಕಿತ್ತು. ಚೈತ್ರಾ ತಾನು ಬರುತ್ತೇನೆ ಎಂದಳು. ನಾನು ಬಡಿದು ಮಗ್ಗಿಯನ್ನು ಬಾಯಿಬಿಟ್ಟು ಹೇಳುವುದು, ದನಿ ನಿಂತ ಕೂಡಲೇ ಅವಳು ಕೈ ಎತ್ತುವುದು. ಎಷ್ಟೋ ಕತ್ತಿಗೆ ನಾನು ಇಪ್ಪತ್ತು ಮುಟ್ಟಿದರೂ ಅವಳ ಕೈ ಮಡಿಲಲ್ಲೇ ಇತ್ತು. ನಮ್ಮ ಧೈರ್ಯ ಹೆಚ್ಚುತ್ತಿತ್ತು. ಆಮೇಲೆ ಒಂದು ಕತ್ತಿ. ನಾನು ಕಣ್ಣು ಮುಚ್ಚಿ ಹೇಳುತ್ತಿದ್ದೆ, ಎರಡೇಳ್ಲ ಹದಿನಾಲ್ಕು, ಎರಡೆಂಟ್ಲ ಹದಿನಾರು. ಕಣ್ಣು ಬಿಟ್ಟರೆ ಅವಳ ಕೈ ಮೇಲಿತ್ತು. ಯಾವಾಗ ಎತ್ತಿದೆ ಎಂದು ಕೇಳಿದೆ. ಎರಡು ಮೂರ್ಲ ಆರು ಅಂದಾಗ ಎಂದಳು.

ಅಂಥವು ಎರಡು ಸಿಕ್ಕವು. ಬಿಚ್ಚಿ ಬಣ್ಣ ಹಚ್ಚಿದೆವು, ಎರಡರಲ್ಲೂ ಕೆಂಪು ಗೆರೆ ಮೂಡಿತು. ಎರಡೂ ವಾರವಾರವೂ ಯಾರದೋ ಕೈಯಲ್ಲಿ ಯಾರದೋ ಮುಖದ ಮುಂದೆ ಆಡಿದ್ದವು. ಉಳಿದವನ್ನೂ ಒಂದೊಂದಾಗಿ ಬಿಚ್ಚಿ ನೋಡುವುದೆಂದು ಲಿಮ್ ಹೇಳಿದರು. ಅದು ಮುಗಿಯುವವರೆಗೆ ಇದ್ದು ಆಮೇಲೆ ಬಿಡುತ್ತೇನೆ ಎಂದೆ. ಅವರು ಬೇಡ ಎನ್ನಲಿಲ್ಲ. ಅನ್ನಬಾರದು ಕೂಡ.

ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಇಷ್ಟೇ. ನಿಮ್ಮ ಕಣ್ಣು, ಕಿವಿ, ಕೈ, ಯಾವುದನ್ನು ನಂಬಿ ಸಹಿ ಹಾಕುತ್ತೀರೋ ಅದನ್ನು ವರ್ಷಕ್ಕೊಮ್ಮೆ ಬೇರೆಯವರಿಂದ ಪರೀಕ್ಷೆ ಮಾಡಿಸಿ. ಕೇಳಿಸದಿದ್ದರೆ ಕೇಳಿಸಲಿಲ್ಲ ಎನ್ನಿ. ನಾನು ಈಗ ಎರಡು ಕಿವಿಗೂ ಯಂತ್ರ ಹಾಕಿಕೊಂಡು ಇದೇ ವುಡ್‌ಲ್ಯಾಂಡ್ಸ್‌ನ ಕೋಣೆಯಲ್ಲಿದ್ದೇನೆ. ಮಾತಾಡುವವರು ಕಡಿಮೆ, ಯಂತ್ರಕ್ಕೆ ಹೆಚ್ಚು ಕೆಲಸವಿಲ್ಲ.

ಆ ಶನಿವಾರದ ಕೊನೆಗೆ ಆದದ್ದನ್ನು ಹೇಳಿ ಮುಗಿಸುತ್ತೇನೆ. ಇಬ್ಬರೂ ಸಿಂಕಿನ ಹತ್ತಿರ ನಿಂತು ಕೈಗೆ ಮೆತ್ತಿದ ಕೆಂಪು ತೊಳೆಯುತ್ತಿದ್ದೆವು. ಚೈತ್ರಾ ನಲ್ಲಿ ನಿಲ್ಲಿಸಿ, ನನ್ನ ಕಡೆ ಪೂರ್ತಿ ತಿರುಗಿ, ನಿಧಾನವಾಗಿ ಕೇಳಿದಳು.

"ಅಂಕಲ್, ಹಾಗಾದ್ರೆ ಲಾಸ್ಟ್ ಟೈಮ್ ಹಿಡಿ ಟೈಟ್ ಮಾಡ್ಸಕ್ಕೆ ಬಂದಾಗ ನಾನು ಹೇಳಿದ್ದೂ ನಿಮಗೆ ಕೇಳ್ಸಿರ್ಲಿಲ್ವಾ?"

ಏನು ಹೇಳಿದ್ದೆ ಎಂದೆ.

"ಜಾಬ್ ಚೇಂಜ್ ಆಯ್ತು, ಟೊರಾಂಟೊಗೆ ಶಿಫ್ಟ್ ಆಗ್ತಿದೀನಿ ಅಂತ. ನೀವು ನಕ್ಕು, ಒಳ್ಳೇದಾಯ್ತು ಬಿಡಮ್ಮ ಅಂದ್ರಿ. ಎಲ್ಲಾನೂ ಎರಡೆರಡು ಸಲ ಹೇಳ್ತಿದ್ದೆ, ಅದನ್ನ ಮಾತ್ರ ಮತ್ತೆ ಹೇಳ್ಲಿಲ್ಲ. ಮನೆಗೆ ಹೋಗಿ ಎರಡು ದಿನ ಅತ್ತೆ."

ಗೋಡೆಯ ಕಡೆ ತಿರುಗಿ ಸ್ವಲ್ಪ ಹೊತ್ತು ಕೈ ಒರೆಸಿಕೊಂಡೆ. ಕೈ ಒಣಗಿತ್ತು, ಆದರೂ ಒರೆಸಿಕೊಂಡೆ. ಆಮೇಲೆ ಅವಳ ಮುಖ ನೋಡಿ, ಇನ್ನೊಂದು ಸಲ ಹೇಳಮ್ಮ ಎಂದೆ. ಅವಳು ಹೇಳಿದಳು. ಟೊರಾಂಟೊ, ಮುಂದಿನ ಶುಕ್ರವಾರ, ಬೆಳಗಿನ ವಿಮಾನ.

"ಬೇಜಾರಾಯ್ತಮ್ಮ" ಎಂದೆ. "ತುಂಬಾ ಬೇಜಾರಾಯ್ತು. ನೀನು ಹೋದ್ಮೇಲೆ ನಂಗಿಲ್ಲಿ ಯಾರೂ ಇಲ್ಲ."

ಅವಳು ಒದ್ದೆ ಕೈಯಲ್ಲೇ ನನ್ನ ಕೈ ಹಿಡಿದುಕೊಂಡಳು.

"ಆವತ್ತು ನಿಮ್ಮ ಬಾಯಿಂದ ಇದನ್ನೇ ಕೇಳ್ಬೇಕು ಅನ್ಕೊಂಡು ಬಂದಿದ್ದು ನಾನು, ಅಂಕಲ್" ಎಂದಳು.